ಎರವಲು ಕಿವಿ

ವಾಲರೂ ಊರಿನ ಔಷಧಿ ಅಂಗಡಿಯ ಮೇಲೆ ನನ್ನ ಕೋಣೆ.
ಎರಡು ಸಾವಿರದ ಒಂದು, ಆಗಸ್ಟ್, ಚಳಿ.
ಕಿಟಕಿಯಾಚೆ ಗೋಧಿಯ ಕಣಜಗಳು
ಹಡಗಿಗೆ ಕಾಯುತ್ತ ನಿಂತಿವೆ.
ಮೇಜಿನ ಮೇಲೆ ಶಾಲೆಯವರು ಎಸೆದ ಕಂಪ್ಯೂಟರು,
ಅದರ ಹೊಟ್ಟೆಯಲ್ಲಿ ಅಂಗೈಯಗಲದ ಮೋಡೆಮ್ ಕಾರ್ಡು.

ಪೂರ್ತಿ ಮೋಡೆಮ್ ಅಲ್ಲ ಅದು.
ನಾಲ್ಕು ಕಾಸು ಉಳಿಸಲು ಕಂಪನಿಯವರು
ಅದರ ಬುದ್ಧಿಯನ್ನು ವಿಂಡೋಸಿನ ಬಳಿ ಅಡವಿಟ್ಟಿದ್ದರು.
ನಾನೋ ವಿಂಡೋಸನ್ನೇ ಒರೆಸಿ ಲಿನಕ್ಸ್ ಹಾಕಿದವಳು:
ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸೀಡಿ,
ಪುಕ್ಕಟೆ ಅಂದಮೇಲೆ ಬಿಡುವುದುಂಟೆ?
ಈಗ ಅಡವಿನ ಚೀಟಿ ಹುಡುಕಬೇಕು.

ಹಗಲು ಮಾತ್ರೆ ಎಣಿಸುವುದು,
‘ಇನ್ನೊಮ್ಮೆ ಹೇಳಮ್ಮಾ’ ಎನ್ನುವ ಗಿರಾಕಿಗೆ
ಊಟಕ್ಕೆ ಮುಂಚೆ, ಊಟಕ್ಕೆ ಮುಂಚೆ ಎಂದು
ಮೂರು ಸಲ ಹೇಳುವುದು.
ರಾತ್ರಿ ತಪ್ಪು ಎಣಿಸುವುದು.
ಡ್ರೈವರಿನ ಮೂಲವನ್ನು ಫ್ಲಾಪಿಯಲ್ಲಿ ತರಲು
ಕಡೀನಾದ ಗ್ರಂಥಾಲಯಕ್ಕೆ ಹೋಗಬೇಕು;
ತಂದು ಕಂಪೈಲ್ ಮಾಡಿದರೆ
ಕರ್ನೆಲ್ ಬೇರೆ, ಹೆಡರ್ ಬೇರೆ, ಹೊಂದುವುದಿಲ್ಲ ಅಂತು.
ಮತ್ತೆ ಕಡೀನಾ.
ಮೂರನೆಯ ಫ್ಲಾಪಿ ದಾರಿಯಲ್ಲೇ ಸತ್ತಿತು.
ಇಂಟರ್ನೆಟ್ಟಿಗೆ ಬೇಕಾದ್ದೆಲ್ಲ ಇಂಟರ್ನೆಟ್ಟಿನಲ್ಲೇ ಇದೆ,
ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ.

ಏಳನೆಯ ರಾತ್ರಿ ತಕರಾರಿಲ್ಲದೆ ಕಟ್ಟಿತು.
ನಂಬಲಾಗದೆ ಇನ್ನೊಮ್ಮೆ ಕಟ್ಟಿದೆ.
ಕ್ಲಿಕ್ಕೆಂದು ಮೋಡೆಮ್ ಲೈನು ಹಿಡಿಯಿತು.
ಉಸಿರು ಬಿಗಿಹಿಡಿದೆ.
‘ಡಯಲ್ ಟೋನ್ ಇಲ್ಲ.’

ಇಲ್ಲವೆ? ಫೋನೆತ್ತಿದರೆ ಗುಂಯ್ಗುಡುತ್ತಿದೆ!
ಮತ್ತೆ ಕ್ಲಿಕ್. ಇಲ್ಲ.
ಕ್ಲಿಕ್. ಇಲ್ಲ.
ಕೋಣನ ಮುಂದೆ ಕಿನ್ನರಿ,
ಅದೂ ಬಾಡಿಗೆ ಕಿನ್ನರಿ, ತಿಂಗಳ ಬಿಲ್ಲು ಬೇರೆ.

ಹನ್ನೊಂದೂವರೆಗೆ ಬಾಗಿಲು ಬಡಿದವಳು
ಹಿತ್ತಲ ಮನೆಯ ಮರ್ಲ್ ಟ್ರೆವಾರೋ.
ವಯಸ್ಸು ಎಪ್ಪತ್ತೊಂದು, ಉಲ್ಲನ್ ಟೋಪಿ;
ಮೂಂಟಾದವರೆಗಿನ ಪಿಯಾನೋಗಳಿಗೆಲ್ಲ ಶ್ರುತಿ ಕೂಡಿಸುವವಳು.
‘ಆರು ರಾತ್ರಿಯಿಂದ ಅದೇನು ಕ್ಲಿಕ್ಕು ನಿನ್ನದು?’
ಹೇಳಿದೆ. ಅರ್ಧವೂ ತಿಳಿಯಲಿಲ್ಲ ಅವಳಿಗೆ.
ರಿಸೀವರ್ ಕಸಿದು ಕಿವಿಗಿಟ್ಟಳು.
ಕಣ್ಣು ಮುಚ್ಚಿದಳು.

‘ಎ ಸ್ವರಕ್ಕಿಂತ ಒಂದಿಷ್ಟು ಕೆಳಗಿದೆ,
ಜೊತೆಗೆ ನಡುಕ. ಯಾವ ಪಿಯಾನೋಗೂ ಆಗದ್ದು.
ಓಹಾಯೋದಲ್ಲಿ ತಂಗಿಯ ಮನೆಯ ಫೋನಿತ್ತು ನೋಡು,
ಎಫ್ ಮತ್ತು ಎ, ಎರಡೂ ಒಟ್ಟಿಗೆ, ಕಡೆದಿಟ್ಟ ಹಾಗೆ.
ಶ್ರುತಿಕವೆ ಮರೆತು ಹೋಗಿದ್ದೆ ಆ ಸಲ,
ಫೋನೆತ್ತಿಟ್ಟುಕೊಂಡೇ ಅವಳ ಪಿಯಾನೋ ಕೂಡಿಸಿದೆ.
ಪಾಪ, ನಿನ್ನ ಪೆಟ್ಟಿಗೆ ಕಾಯುತ್ತಿರುವುದು
ಆ ದನಿಗೋ ಏನೋ.’

ನಾನು ಮಾತಾಡಲಿಲ್ಲ.
ಡ್ರೈವರಿನ ಕಡತ ತೆರೆದು ಸಾಲು ಸಾಲು ಇಳಿದೆ.
ಇನ್ನೂರ ಹನ್ನೆರಡನೆಯ ಸಾಲಿನಲ್ಲಿ ದೇಶದ ಸಂಖ್ಯೆ,
ಬಿ ಐದು: ಅಮೆರಿಕ.
ಕಿವಿ ಇತ್ತು. ಎರವಲು ಕಿವಿ.
ಕಣ್ಣೆದುರಿಗಿದ್ದವರನ್ನು ಬಿಟ್ಟು
ಓಹಾಯೋದ ತಂಗಿಗೆ ಕಾಯುತ್ತ ಕೂತಿತ್ತು.

ಅಳಿಸಿ ಸೊನ್ನೆ ಒಂಬತ್ತು ಬರೆದೆ.
ಕ್ಲಿಕ್.
ಆಮೇಲೆ ಎಂಟು ಅಂಕಿ ಟಿಕಟಿಕನೆ ಓಡಿ
ಅತ್ತ ಯಾರೋ ಎತ್ತಿ ಕಿರುಚಿ,
ಇತ್ತ ಇದೂ ಕಿರುಚಿ,
ತಗಡಿನ ಮೇಲೆ ಮರಳು ಸುರಿದ ಹಾಗೆ ಕೆರೆದಾಡಿ
ಥಟ್ಟನೆ ಮೌನ.

‘ಜಗಳವಾಡಿದವೇ?’ ಮರ್ಲ್ ಕೇಳಿದಳು.
‘ಒಪ್ಪಂದವಾಯಿತು.’
‘ಕೊನೆಯ ತುಣುಕು ಬಲು ಅಪಶ್ರುತಿ’ ಎಂದು ಕೂತಳು.
ಏನು ನೋಡುವುದೋ ಇಬ್ಬರಿಗೂ ಹೊಳೆಯಲಿಲ್ಲ.
ಕಡೆಗೆ ಪಿಯಾನೋ ಸುತ್ತಿಗೆಯ ಉಣ್ಣೆಬಟ್ಟೆಗೆ
ಅಡಿಲೇಡಿನಲ್ಲಿ ಏನು ಬೆಲೆ ಎಂದು ಹುಡುಕಿದೆವು.
ಚಿತ್ರ ಒಂದೊಂದೇ ಗೆರೆ ಇಳಿದು ಬರುವಷ್ಟರಲ್ಲಿ
ಚಹಾ ಕುಡಿದಾಯಿತು, ಬೆಲೆ ಹೆಚ್ಚೆಂದು ಬೈದಾಯಿತು.

ಮರ್ಲ್ ಈಗ ಕ್ಲಿಕ್ಕಿಗೆ ಬೈಯುವುದಿಲ್ಲ.
ನಾನು ಮಾತ್ರ ಫೋನೆತ್ತಿದವಳು
ಅಂಕಿ ಒತ್ತುವುದು ಮರೆತು
ಆ ನಡುಕಕ್ಕೆ ಕಿವಿಗೊಟ್ಟು ನಿಲ್ಲುತ್ತೇನೆ.
ಅದೂ ಕಾಯುತ್ತದೆ ಸ್ವಲ್ಪ ಹೊತ್ತು.
ಆಮೇಲೆ ಬೇಸತ್ತು
ಬೀಪ್ ಬೀಪ್ ಎಂದು ಎಂಗೇಜಾಗುತ್ತದೆ.