ಬಲಮೂಲೆಯ ಚುಕ್ಕೆ

ಕುತಾಯಿಸಿಯಲ್ಲಿ, ರಿಯೋನಿ ಹೊಳೆಯ ಈಚೆ ದಡದಲ್ಲಿ,
ಔಷಧಿ ಅಂಗಡಿಗೂ ರೊಟ್ಟಿ ಒಲೆಗೂ ನಡುವೆ
ಸಿಕ್ಕಿಕೊಂಡ ಒಂದು ಕಂಪ್ಯೂಟರ್ ಅಂಗಡಿ.
ಒಳಗೆ ಹನ್ನೊಂದು ಮಾನಿಟರು. ಹನ್ನೊಂದರಲ್ಲೂ
ಅದೇ ಕೆಂಪು ಕಾರು, ಅದೇ ತಿರುವು,
ಒಂದೊಂದರಲ್ಲಿ ಒಂದೊಂದು ಥರ ತಿರುಗುತ್ತದೆ.

ನುತ್ಸಾಗೆ ಹದಿನೇಳು. ಬೇಸಗೆಯಿಡೀ
ಚಿಕ್ಕಮ್ಮನ ಬೇಕರಿಯಲ್ಲಿ ಹಿಟ್ಟು ನಾದಿ ಕೂಡಿಸಿದ್ದು
ಏಳುನೂರ ನಲವತ್ತು ಲಾರಿ.
ಲಾರಿ ಎಂದರೆ ಅಲ್ಲಿ ದುಡ್ಡು. ನಗಬೇಡಿ,
ನಮ್ಮಲ್ಲೂ ಅದು ಬರುವುದು ನಡೆದು, ಹೋಗುವುದು ಲಾರಿಯಲ್ಲಿ.
ಜೊತೆಗೆ ಅಜ್ಜ ಉಷಾಂಗಿ. ಹೆಸರು ಕೇಳಿ ಅಜ್ಜಿ ಅಂದುಕೊಂಡೀರಿ,
ಪೊದೆಮೀಸೆಯ ಆಳು, ಮೂವತ್ತೊಂದು ವರ್ಷ
ಊರ ಟಾಕೀಸಿನ ಗೂಡಿನಲ್ಲಿ ರೀಲು ಓಡಿಸಿದವನು.

ಅರವತ್ತು ಹರ್ಟ್ಸ್, ನೂರ ಅರವತ್ತೈದು, ಇನ್ನೂರ ನಲವತ್ತು,
ಅಂಗಡಿಯ ವಾಖೋ ಬೆರಳು ಮಡಿಸುತ್ತಾನೆ.
ಸೆಕೆಂಡಿಗೆ ಅಷ್ಟು ಸಲ ಪರದೆ ಹೊಸದಾಗುತ್ತೆ, ಅಜ್ಜ.
ಇದರಲ್ಲಿ ಕಪ್ಪು ಚೆನ್ನ, ಆದರೆ ಓಡುವ ನೆರಳಿಗೆ ಬಾಲ ಬರುತ್ತೆ.
ಇದರಲ್ಲಿ ಬಾಲವಿಲ್ಲ, ಕಪ್ಪೆಂಬುದು ಬೂದಿ.

ಇಪ್ಪತ್ತನಾಲ್ಕು, ಅಂದ ಅಜ್ಜ.
ಏನು ಇಪ್ಪತ್ತನಾಲ್ಕು?
ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ. ಅಷ್ಟರಲ್ಲೇ ಇಡೀ ಊರು ಅತ್ತಿದೆ.
ಅಳುವುದಕ್ಕೆ ಸಾಕು, ಅಂದಳು ನುತ್ಸಾ,
ಗುಂಡು ತಪ್ಪಿಸಿಕೊಳ್ಳುವುದಕ್ಕೆ ಸಾಲದು.
ಮೂಲೆ ತಿರುಗಿ ಬರುವವನು ನನಗೆ ಕಾಣುವ ಮೊದಲೇ
ಅವನಿಗೆ ನಾನು ಕಂಡಿರುತ್ತೇನೆ.

ನಿಮಿಷವೆಂದರೆ ಮೊದಲು ಒಂದು ಎವೆ ಬಡಿತ, ಅಷ್ಟೇ.
ಆಮೇಲೆ ಅದು ತಿಂದು ಕೊಬ್ಬಿ ಅರವತ್ತು ಸೆಕೆಂಡಾಯಿತು,
ಬಸ್‌ಸ್ಟ್ಯಾಂಡಿನಲ್ಲಿ ಐದು ನಿಮಿಷವೆಂದರೆ ಅರ್ಧ ಗಂಟೆಯಾಯಿತು.
ಈ ಹುಡುಗಿ ಅದನ್ನು ಮತ್ತೆ ಎವೆಯೊಳಕ್ಕೆ ತುರುಕಲು ಹೊರಟಿದ್ದಾಳೆ:
ಇನ್ನೂರ ನಲವತ್ತರಲ್ಲಿ, ಒಮ್ಮೆ ರೆಪ್ಪೆ ಬಡಿಯುವಷ್ಟರಲ್ಲಿ
ಇಪ್ಪತ್ತನಾಲ್ಕು ಚಿತ್ರ ಸರಿಯುತ್ತವೆ,
ಅಜ್ಜನ ಇಡೀ ಒಂದು ಸೆಕೆಂಡು.

ಇನ್ನೊಂದು ವಿದ್ಯೆ ಇದೆ, ಅಂದ ವಾಖೋ ದನಿ ತಗ್ಗಿಸಿ.
ಎರಡು ಚಿತ್ರದ ನಡುವೆ ಕತ್ತಲು ತೂರಿಸಬಹುದು,
ಆಗ ಓಡುವುದು ಕಲೆಸಿಹೋಗದು.
ಅಜ್ಜ ಕೆಮ್ಮು ಬರುವಷ್ಟು ನಕ್ಕ.
ಮಗೂ, ನಾವು ಮಾರುತ್ತಿದ್ದದ್ದೇ ಅದನ್ನ!
ಷಟರು ಮುಚ್ಚಿದಾಗಲೇ ರೀಲು ಮುಂದಕ್ಕೆ ಜಗ್ಗುವುದು.
ಎರಡು ಗಂಟೆಯ ಸಿನಿಮಾದಲ್ಲಿ ಒಂದು ಗಂಟೆ ಬರೀ ಕತ್ತಲು,
ಟಿಕೆಟ್ಟು ಮಾತ್ರ ಪೂರ್ತಿ.
ಆಮೇಲೆ ಕರೆಂಟೇ ಇಲ್ಲದ ಆ ಚಳಿಗಾಲಗಳು ಬಂದವು,
ಕತ್ತಲು ಪುಕ್ಕಟೆಯಾಯಿತು. ಟಾಕೀಸು ಮುಚ್ಚಿತು.

ವಾಖೋ ಕೆಮ್ಮಿದ. ನಿನ್ನ ಗ್ರಾಫಿಕ್ಸ್ ಕಾರ್ಡು ಯಾವುದು?
ಹೇಳಿದಳು, ಮೆಲ್ಲಗೆ.
ಅದು ತೊಂಬತ್ತು ದಾಟದು. ಇನ್ನೂರ ನಲವತ್ತು ತಟ್ಟೆ ಹಾಸಿ
ತೊಂಬತ್ತು ರೊಟ್ಟಿ ಬಡಿಸಿದಂತೆ.
ರೊಟ್ಟಿ ಆಮೇಲೆ ಬರುತ್ತೆ, ಅಂದಳು,
ಕಿವಿ ಕೆಂಪಾಗಿ.

ಗೋಡೆಯ ಕೊನೆಯಲ್ಲಿ ಒಂದಿತ್ತು, ತೋರಿಕೆಗೆ ಇಟ್ಟದ್ದು,
ಇನ್ನೂರ ನಲವತ್ತರದ್ದು, ಸಾವಿರದ ನೂರಿದ್ದದ್ದು ಏಳುನೂರಕ್ಕೆ,
ಯಾಕೆಂದರೆ ಬಲಗಡೆ ಮೇಲ್ಮೂಲೆಯಲ್ಲಿ
ಒಂದು ಬಿಳಿ ಚುಕ್ಕೆ. ಹೊತ್ತಿಕೊಂಡದ್ದು ಆರುವುದಿಲ್ಲ.
ನುತ್ಸಾ ಮೂಗು ಮುರಿದಳು.
ಅಜ್ಜ ಕನ್ನಡಕ ಏರಿಸಿ ಹತ್ತಿರ ಹೋದ.
ರೀಲು ಮುಗಿಯುವ ಮುನ್ನ ಇಲ್ಲೇ ಬರುತ್ತಿತ್ತು ಇದು.
ಮೊದಲ ಸಲ ಮಿಂಚಿದರೆ ಪಕ್ಕದ ಯಂತ್ರ ಓಡಿಸಬೇಕು,
ಎರಡನೇ ಸಲಕ್ಕೆ ಬೆಳಕನ್ನು ಅತ್ತ ದಾಟಿಸಬೇಕು.
ಕಾಣದವರು ಪುಣ್ಯವಂತರು. ನಿನ್ನಜ್ಜಿಗೆ ಒಮ್ಮೆ ತೋರಿಸಿಬಿಟ್ಟೆ,
ಆಮೇಲೆ ಅವಳು ಒಂದು ಸಿನಿಮಾನೂ ನೆಮ್ಮದಿಯಾಗಿ ನೋಡಲಿಲ್ಲ.

ಉಳಿದ ನಲವತ್ತರಲ್ಲಿ ಕೇಬಲ್ಲು, ಎರಡು ಚೀಸ್ ರೊಟ್ಟಿ,
ಡಬ್ಬ ತೊಡೆಯ ಮೇಲಿಟ್ಟುಕೊಂಡು ಮಿನಿಬಸ್ಸು.

ರಾತ್ರಿ. ನುತ್ಸಾ ಸಾಯುತ್ತಾಳೆ, ಏಳುತ್ತಾಳೆ, ಸಾಯುತ್ತಾಳೆ.
ನಿನ್ನೆಯವರೆಗೆ ನೆಲ ಡೊಂಕಿತ್ತು,
ನೆಲ ನೆಟ್ಟಗಾದ ಮೇಲೆ ತಪ್ಪು ಇಂಟರ್ನೆಟ್ಟಿನದು.
ಹಿಂದೆ ಮಂಚದ ಮೇಲೆ ಅಜ್ಜ. ಆಟ ತಿಳಿಯದು.
ಚುಕ್ಕೆ ಕಣ್ಣಿಗೆ ಬಿದ್ದಾಗಲೆಲ್ಲ ಅವನ ಎಡಗೈ
ಪಕ್ಕದ ಯಂತ್ರಕ್ಕಾಗಿ ತಡಕುತ್ತದೆ.
ಅಲ್ಲಿ ದಿಂಬಿದೆ. ದಿಂಬಿನ ಮೇಲೆ
ಬೆಕ್ಕು.