ಹೊಗೆ ಬಣ್ಣದ್ದು

ಹೆಸರು ಕೇಳಿ ಮೊದಲು ನಕ್ಕವಳು ನನ್ನ ಹೆಂಡತಿ.
ಪಾಪಿ! ಹೂವಿಗೆ ಇಡುವ ಹೆಸರೇ ಇದು?
ದೇವರಿಗೆ ಏರಿಸುವ ಹಾಗಿಲ್ಲ, ಮುಡಿಯುವ ಹಾಗಿಲ್ಲ,
ಕಿತ್ತು ಒಳಗೆ ತರುವಷ್ಟರಲ್ಲಿ ಎಸಳೆಲ್ಲ ಅಂಗೈಲಿ.
ಎದುರು ಮನೆಯ ಸೋಮಾಚಾರರು ಗೇಟಿನಾಚೆಯಿಂದಲೇ
'ಗಸಗಸೆ ಜಾತಿ ಕಣ್ರೀ, ಪೊಲೀಸಿನವರು ಕೇಳಲ್ವೆ?'
ಇದು ಆ ಗಸಗಸೆಯಲ್ಲ, ಇದರಲ್ಲಿ ಪಾಯಸವಿಲ್ಲ, ನಿದ್ದೆಯೂ ಇಲ್ಲ
ಎಂದು ಹೇಳಿ ಹೇಳಿಯೇ ಒಂದು ಚಳಿಗಾಲ ಕಳೆಯಿತು.

ಬೀಜ ಕೊಟ್ಟವರು ಒಂಟಿಕೊಪ್ಪಲಿನ ಮುದ್ದಾಜಮ್ಮಣ್ಣಿ.
ಊದುಬತ್ತಿಯ ಖಾಲಿ ಕವರಿನಲ್ಲಿ ಒಂದು ಚಿಟಿಕೆ,
ಗಂಧದ ವಾಸನೆ ಹತ್ತಿದ ಬೂದಿಯ ಹಾಗೆ.
'ದಸರಾ ಆನೆಗಳು ಕಾಡಿಗೆ ಲಾರಿ ಹತ್ತಿದ ಮೇಲೆ ಚೆಲ್ಲಿ.
ಮರಳಲ್ಲಿ ಬೆರೆಸಿ. ಮಣ್ಣು ಮುಚ್ಚಬೇಡಿ. ಕಿತ್ತು ನೆಡಬೇಡಿ.
ನೀರು ಕಮ್ಮಿ ಸಾಕು.
ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರಲ್ಲವೆ?'
ಥ್ಯಾಂಕ್ಸ್ ಅನ್ನಲು ಬಾಯಿ ತೆರೆದೆ, ಕೈ ಅಡ್ಡ ಹಿಡಿದರು.
'ಬೀಜಕ್ಕೆ ಥ್ಯಾಂಕ್ಸ್ ಹೇಳಬಾರದು. ಹೇಳಿದರೆ ಹುಟ್ಟುವುದಿಲ್ಲ.'

ಮೂವತ್ತೊಂದು ವರ್ಷ ರೈಲ್ವೆ ವರ್ಕ್‌ಶಾಪಿನ ಲೇತಿನಲ್ಲಿ
ಕಬ್ಬಿಣವನ್ನು ಕೂದಲೆಳೆ ಲೆಕ್ಕಕ್ಕೆ ಕಡೆದವನು ನಾನು.
ಜನವರಿಯ ಒಂದು ಬೆಳಿಗ್ಗೆ
ಕತ್ತು ಬಗ್ಗಿಸಿಕೊಂಡಿದ್ದ ರೋಮದ ಮೊಗ್ಗು
ನೆಟ್ಟಗಾಗಿ, ಟೋಪಿ ಕಳಚಿ,
ಟ್ರಂಕಿನಿಂದ ತೆಗೆದ ರೇಷ್ಮೆಯ ಹಾಗೆ ಸುಕ್ಕುಸುಕ್ಕಾಗಿ ಹೊರಬಂದು
ಬಿಸಿಲಲ್ಲಿ ತನ್ನನ್ನು ತಾನೇ ನೀವಿಕೊಳ್ಳುತ್ತಿತ್ತು.
ಬ್ರಷ್ಷು ಬಾಯಲ್ಲೇ ಇತ್ತು. ಮೇಲೆ ಟ್ಯಾಂಕು ತುಂಬಿ ಹರಿಯುತ್ತಿತ್ತು.

ಮಧ್ಯಾಹ್ನದೊಳಗೆ ಉದುರಿತು. ಉಳಿದದ್ದು ಕಾಯಿ,
ಮುಚ್ಚಳದ ಕೆಳಗೆ ಸುತ್ತಲೂ ಕಿಟಕಿ. ಯಾವ ಟರ್ನರ್ ಕಡೆದನೋ!
ಒಣಗಿದ ಮೇಲೆ ಅಲ್ಲಾಡಿಸಿದರೆ
ದೂರದ ತಗಡಿನ ಮೇಲೆ ಮಳೆ ಶುರುವಾದ ಸದ್ದು.

ಕೇಳಿದವರಿಗೆಲ್ಲ ಕೊಟ್ಟೆ.
ಸಿಟಿ ಬಸ್ಸಿನ ಟಿಕೆಟ್ಟಿನಲ್ಲಿ ಮಡಚಿ, ಮದುವೆ ಕಾಗದದ ಮೂಲೆ ಹರಿದು,
ಕೆಂಪು, ಗುಲಾಬಿ, ಬಿಳಿ ಅಂಚಿನದು.
ಬಟ್ಟೆ ಒಗೆಯುವ ಕಲ್ಲಿನ ಸಂದಿಯಲ್ಲೂ ತಾನಾಗಿ ಎದ್ದವು.
'ಪಾಪಿ ಚಿರಾಯು' ಅನ್ನುತ್ತಾಳೆ ಹೆಂಡತಿ,
ಗಿಡ ನೋಡಿಯೋ, ನನ್ನನ್ನೋ.

ನಾಲ್ಕನೆಯ ವರ್ಷ, ಕಾಂಪೌಂಡಿನ ಮೂಲೆಯಲ್ಲಿ, ಯಾರೂ ಬಿತ್ತದೆ, ಒಂದೇ ಒಂದು:
ಬೂದಿಯಲ್ಲ, ನೇರಳೆಯೂ ಅಲ್ಲ,
ಸಂಜೆ ನೀರೊಲೆಯ ಹೊಗೆ ಹೆಂಚಿನ ಮೇಲೆ ತಡೆದು ನಿಂತ ಬಣ್ಣ.
ಕಾಯಿಗೆ ದಾರ ಕಟ್ಟಿದೆ. ಯಾರಿಗೂ ಹೇಳಲಿಲ್ಲ.
ಅಮ್ಮಣ್ಣಿಯವರು ಬಂದ ದಿನ
ಅದರ ಮುಂದೆ ಬಕೆಟ್ಟು ಇಟ್ಟೆ.

ಗಾಜಿನ ಶೀಶೆ, ಬಿರಡೆಯ ಸುತ್ತ ಮೇಣ, ಬೀರುವಿನ ಒಳಗೆ ಬೀಗ.
ದಸರಾ ಮುಗಿಸಿ ತೆಗೆದರೆ ಒಳಗೆಲ್ಲ ಬೂಷ್ಟು.
ಪೂರ್ತಿ ಒಣಗುವ ಮೊದಲೇ ಮುಚ್ಚಿದ್ದೆ. ಅಷ್ಟು ಅವಸರ.

ಶಿವರಾತ್ರಿ ಕಳೆದ ವಾರ, ನಜರ್‌ಬಾದಿನಲ್ಲಿ
ಪ್ಯಾಂಟಿನ ಸೊಂಟ ಬಿಡಿಸಲು ಹೋದೆ.
ಟೈಲರ್ ಖುರ್ಷಿದಾಗೆ ಹಿಂದಿನ ವರ್ಷ ಕೊಟ್ಟದ್ದು ಬೀಜವೂ ಅಲ್ಲ,
ಕಾಯಿ ಒಣಹಾಕಿದ್ದ ಪೇಪರ್ ಜಾಡಿಸಿದಾಗ ಬಿದ್ದ ಕಸ,
ಹೊಟ್ಟು, ಇರುವೆ ಸಮೇತ.
ಅವಳ ಮಿಷನ್ನಿನ ಪಕ್ಕ, ಹಳೆಯ ಪೇಂಟ್ ಡಬ್ಬಿಗಳಲ್ಲಿ,
ಮೋರಿಯ ಚಪ್ಪಡಿಯ ಬಿರುಕಲ್ಲಿ
ಒಣಗಿದ ಕಾಯಿಗಳ ನಡುವೆ ಕೊನೆಯ ಹೂಗಳು ಇನ್ನೂ ಇದ್ದವು.
ಹೊಗೆ. ಹೊಗೆ. ಹೊಗೆ.

'ನೀವೇ ಕೊಟ್ಟಿದ್ದಲ್ವಾ ಸಾರ್, ಎಷ್ಟು ಬೇಕು?'
ಚೂರು ಬಟ್ಟೆ ಮಡಚಿ ಎರಡು ಬದಿ ಹೊಲಿದಳು,
ಕಾಯಿ ಬಗ್ಗಿಸಿ ಬಗ್ಗಿಸಿ ತುಂಬಿದಳು, ಬಾಯಿ ಹೊಲಿದಳು.
ಸೊಂಟಕ್ಕೆ ಮಾತ್ರ ನಲವತ್ತು ರೂಪಾಯಿ.

ಥ್ಯಾಂಕ್ಸ್ ಗಂಟಲವರೆಗೆ ಬಂತು. ಹೇಳಬಾರದು.
ತಪ್ಪಾಯಿತು ಎನ್ನಬಹುದೋ ಇಲ್ಲವೋ
ಅಮ್ಮಣ್ಣಿಯವರು ಹೇಳಿರಲಿಲ್ಲ.
ಬಸ್ಸು ಹತ್ತಿ, ಮನೆಗಲ್ಲ,
ಒಂಟಿಕೊಪ್ಪಲಿಗೆ ಟಿಕೆಟ್ ಕೇಳಿದೆ.