ಎಡಕ್ಕೆ, ಪೂರ್ತಿ ಎಡಕ್ಕೆ

ಕ್ವಾಲಿಸ್ ಒಂದು, ಮಾಲೀಕರು ಇಬ್ಬರು.
ಸೋಮ ಬುಧ ಶುಕ್ರ ನನ್ನದು,
ಮಂಗಳ ಗುರು ಶನಿ ಹಮ್ಮಣ್ಣನದು,
ಭಾನುವಾರ ಅದು ಕೋಡಿಬಾಗದ ಗೋಳಿಮರದಡಿ
ಹಕ್ಕಿ ಹಿಕ್ಕೆ ಹೊದ್ದು ಮಲಗುತ್ತದೆ.

ಏಳು ತಿಂಗಳಿಂದ ಮಾತಿಲ್ಲ.
ಒಂಬೈನೂರು ರೂಪಾಯಿಯ ಡೀಸೆಲ್ ಚೀಟಿ:
ಅವನು ಕೊಟ್ಟೆ ಅಂದ, ನಾನು ಬಂದಿಲ್ಲ ಅಂದೆ.
ಕೀಲಿಕೈ ಇನಾಸನ ಸೋಡಾ ಅಂಗಡಿಯಲ್ಲಿ
ಬಾಟಲಿಗಳ ಹಿಂದಿನ ಮೊಳೆಗೆ.
ನನ್ನ ದಿನ ಹತ್ತಿ ಕೂತರೆ ಪೆಡಲು ಕಾಲಿಗೆ ಎಟುಕುವುದಿಲ್ಲ,
ಪಕ್ಕದ ಕನ್ನಡಿಯಲ್ಲಿ ಬರೀ ಆಕಾಶ.
ಸೀಟು ಮುಂದೆ ಎಳೆಯುತ್ತೇನೆ, ಕನ್ನಡಿ ಬಗ್ಗಿಸುತ್ತೇನೆ.
ಮರುದಿನ ಅವನು ಬೈಯುತ್ತ ಹಿಂದೆ ತಳ್ಳುತ್ತಾನೆ.
ಬೈಯುತ್ತಾನೆಂದು ಇನಾಸ ಹೇಳಿದ್ದು.

ಸ್ಟಿಯರಿಂಗ್ ಗಟ್ಟಿಯಾಗಿದ್ದು ಮೊದಲು ಅರಬೈಲಿನಲ್ಲಿ.
ಯಲ್ಲಾಪುರದ ಮದುವೆ ಬಾಡಿಗೆ, ಒಳಗೆ ಒಂಬತ್ತು ಜನ,
ತಿರುವು ಬಂದಾಗಲೆಲ್ಲ
ಬಾನೆಟ್ಟಿನೊಳಗೆ ಎಮ್ಮೆ ನರಳಿದ ಸದ್ದು.
ತೋಳು ಸೆಟೆದುಹೋಯಿತು. ಹುಡುಗಿಯ ಸೋದರಮಾವ
'ಮುದಿಯಾದದ್ದು ಗಾಡಿಯೋ, ನೀವೋ' ಅಂದ.
ಹಮ್ಮಣ್ಣನದೇ ಕೆಲಸ, ಅಂದುಕೊಂಡೆ.
ನಿಂತ ಗಾಡಿಯಲ್ಲಿ ಸ್ಟಿಯರಿಂಗ್ ತಿರುಚುವುದು ಅವನ ಚಟ.
ಅವನೂ ಇನಾಸನ ಹತ್ತಿರ ಅದನ್ನೇ ಅಂದನಂತೆ, ನನ್ನ ಹೆಸರಿಟ್ಟು.

ಭಾನುವಾರ ನಾನು ಹೋಗುವಷ್ಟರಲ್ಲಿ
ಮುಂದಿನ ಎರಡೂ ಚಕ್ರ ನೆಲ ಬಿಟ್ಟಿದ್ದವು,
ಹಿಂದಿನವಕ್ಕೆ ಚಿರೆಕಲ್ಲು.
ಹಮ್ಮಣ್ಣನ ತಲೆ ಬಾನೆಟ್ಟಿನೊಳಗೆ, ಬೆನ್ನು ಹೊರಗೆ.
ಎಣ್ಣೆ ಡಬ್ಬಿಗೆ ವಾಪಸು ಬರುವ ಪೈಪು ಕಿತ್ತು
ನೀರಿನ ಬಾಟಲಿಗೆ ಬಿಟ್ಟಿದ್ದ, ತೆರೆದ ಬಾಯಿಗೆ
ಹವಾಯಿ ಚಪ್ಪಲಿ ಕೆತ್ತಿ ಬಿರಡೆ.
ಈ ಕೆಲಸಕ್ಕೆ ಎರಡು ಆಳು ಬೇಕು:
ಒಬ್ಬ ತಿರುಗಿಸಬೇಕು, ಒಬ್ಬ ನೋಡಬೇಕು.
ನನ್ನತ್ತ ತಿರುಗದೆ ಬಾನೆಟ್ಟಿಗೆ ಹೇಳಿದ:
'ಎಡಕ್ಕೆ.'

ಹತ್ತಿ ಕೂತೆ, ಅವನ ಅಳತೆಯ ಸೀಟಿನ ತುದಿಯಲ್ಲಿ.
ಎಡಕ್ಕೆ. ಪೂರ್ತಿ ಎಡಕ್ಕೆ. ಬಲಕ್ಕೆ.
ಬಾಟಲಿಗೆ ಇಳಿಯಿತು ಹಳೆಯದು,
ಜೋನಿಬೆಲ್ಲದಷ್ಟು ಕಪ್ಪು, ಸುಟ್ಟ ವಾಸನೆ;
ದೋಣಿಗೆ ಬಳಿವ ಮೀನೆಣ್ಣೆಗೂ ಇಷ್ಟು ನಾತವಿಲ್ಲ.
ಇಬ್ಬರೂ ಒಮ್ಮೆಯೂ ಮುಚ್ಚಳ ತೆಗೆದು ನೋಡಿರಲಿಲ್ಲ.
ಯಾರು ಕೆಡಿಸಿದ್ದೆಂದು
ಬಾಟಲಿಯಲ್ಲಿ ಬರೆದಿರಲಿಲ್ಲ.

ಹೊಸದು ಮುರುಗಲ ರಸದ ಕೆಂಪು.
ಅವನು ಹೊಯ್ದ, ನಾನು ತಿರುಗಿಸಿದೆ,
ಇಳಿದಷ್ಟೂ ಹೊಯ್ದ.
ಪೈಪು ಸೇರಿಸಿ, ಕ್ಲಿಪ್ಪು ಕಚ್ಚಿಸಿ,
ಇಂಜಿನ್ ಹಚ್ಚದೆ ಮತ್ತೆ ಎಡ, ಮತ್ತೆ ಬಲ.
'ಗಾಳಿ' ಅಂದ.
ಇಳಿದು ಇಣುಕಿದೆ: ಕೆಂಪು ಹೋಗಿ
ಸೋಲಕಡಿಯ ಹಾಗೆ ಗುಲಾಬಿ ನೊರೆ.
ಕುಡಿಯಬೇಕು ಅನ್ನಿಸುವಂಥ ಬಣ್ಣ.
ಇನಾಸನ ನಾಯಿ ಬಂದು, ಮೂಸಿ, ಸೀನಿ ಹೋಯಿತು.

ಇಪ್ಪತ್ತು ಸಲ. ಇಪ್ಪತ್ತೈದು.
ಕಾಳಿಯ ಅಳಿವೆಯಲ್ಲಿ ಇಳಿತ ಶುರುವಾಗಿ
ದಡದ ಕೆಸರು ಕಾಣುವವರೆಗೂ.
'ಕೊನೆಗೆ ಹೋಗಿ ಒತ್ತಿ ಹಿಡೀಬೇಡ, ಪಂಪು ಹೋಗ್ತದೆ.
ಮುಟ್ಟಿಸು, ಬಿಡು.'
ಮುಟ್ಟಿಸಿದೆ, ಬಿಟ್ಟೆ.
ಒಂದೊಂದೇ ಗುಳ್ಳೆ ಮೇಲೆ ಬಂದು ಒಡೆಯುವುದನ್ನು
ಹಲ್ಲಿ ಹುಳ ನೋಡುವಂತೆ ನೋಡುತ್ತ ನಿಂತ.
ಹಾಗೆಲ್ಲ ಎಣಿಸುವವನಲ್ಲ ನಾನು, ಆದರೂ ಎಣಿಸಿದೆ:
ಏಳು ತಿಂಗಳಿಗೆ ಹದಿನೇಳೋ ಹದಿನೆಂಟೋ ಮಾತು,
ಅದರಲ್ಲಿ ಅರ್ಧ ಬರೀ ಎಡ, ಬಲ.

ಇಂಜಿನ್ ಹಚ್ಚಿದಾಗ ಎಮ್ಮೆ ಇರಲಿಲ್ಲ.
ಒಂದೇ ಬೆರಳಿಗೆ ತಿರುಗಿತು.
ಅವನೂ ಕಿಟಕಿಯಿಂದ ಕೈ ಹಾಕಿ
ಒಂದು ಬೆರಳಲ್ಲಿ ತಿರುಗಿಸಿ ನೋಡಿದ.
'ಸಣ್ಣ ಗುಳ್ಳೆ ಇನ್ನೂ ಇದ್ದಾವು,
ಓಡ್ತಾ ಓಡ್ತಾ ಹೋಗ್ತಾವೆ. ನಾಳೆ ಲೆವೆಲ್ ನೋಡು.'

ಡಬ್ಬದ ಮೇಲಿನ ಬೆಲೆ ತೋರಿಸಿದ: ನಾನೂರ ಎಂಬತ್ತು.
ಇನ್ನೂರ ಐವತ್ತು ಕೊಟ್ಟೆ.
ಜೇಬು ತಡಕಿ, ಹತ್ತರ ನೋಟೊಂದನ್ನು
ಹೆಬ್ಬೆಟ್ಟಿನ ಕೆಂಪು ಗುರುತಿನ ಸಮೇತ
ಡ್ಯಾಶ್‌ಬೋರ್ಡಿನ ಮೇಲಿಟ್ಟು ಹೋದ.

ಸೋಮವಾರ ಮುಂಜಾನೆ
ಲೆವೆಲ್ ಅರ್ಧ ಬೆರಳು ಇಳಿದಿತ್ತು.
ಹೊಯ್ದೆ.
ಆಮೇಲೆ ಸೀಟು ಮುಂದೆ ಎಳೆದುಕೊಂಡೆ.